ಚಾರ್ಲ್ಸ್ ವೀಟ್‌ಸ್ಟನ್: ವಾದ್ಯದಂಗಡಿಯಿಂದ ರೈಲು ಹಳಿಯವರೆಗೆ

ಭೌತಶಾಸ್ತ್ರವನ್ನು ಅಭ್ಯಾಸಮಾಡಲು ಮೇಲಿನ ತರಗತಿಗಳಿಗೆ ಹೋದವರೆಲ್ಲರೂ ‘ವೀಟ್‌ಸ್ಟನ್ ಸೇತುವೆ’ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ನಾಲ್ಕು ರೋಧಗಳನ್ನು ವಜ್ರಾಕಾರವಾಗಿ ಜೋಡಿಸಿದ ಆ ಚಿತ್ರವನ್ನು ಬರೆದು, ಅದರ ಸೂತ್ರವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತುಬಿಡುವವರೇ ಹೆಚ್ಚು. ಆ ಹೆಸರಿನ ಹಿಂದೆ ಇದ್ದ ಮನುಷ್ಯನು ಎಂಥವನೆಂಬುದಾಗಲಿ, ಆ ಸೇತುವೆಯನ್ನು ಮೊದಲು ಕಲ್ಪಿಸಿದವನು ಆತನಲ್ಲವೆಂಬುದಾಗಲಿ, ಓಡುತ್ತಿರುವ ರೈಲುಗಾಡಿಯ ಒಂದೊಂದು ಗಾಲಿಯ ಭಾರವನ್ನೂ ಇಂದು ಅದೇ ಸೇತುವೆಯಿಂದ ಅಳೆಯುತ್ತಾರೆಂಬುದಾಗಲಿ ನಮ್ಮಲ್ಲಿ ಹಲವರಿಗೆ ತಿಳಿಯದು. ಆದುದರಿಂದ ಸರ್ ಚಾರ್ಲ್ಸ್ ವೀಟ್‌ಸ್ಟನ್ನನ ಜೀವನವನ್ನೂ, ಆತನ ಸೇತುವೆಯು ರೈಲು ಹಳಿಯನ್ನು ತಲಪಿದ ಬಗೆಯನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ವೀಟ್‌ಸ್ಟನ್ನನು ೧೮೦೨ನೆಯ ಇಸವಿ ಫೆಬ್ರುವರಿ ೬ರಂದು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಸಮೀಪದ ಬಾರ್ನ್‌ವುಡ್ ಎಂಬಲ್ಲಿ ಜನಿಸಿದನು. ಆತನ ಮನೆತನದವರು ಸಂಗೀತಕ್ಕೆ ಸಂಬಂಧಿಸಿದ ವ್ಯಾಪಾರದಲ್ಲಿ ತೊಡಗಿದ್ದವರು. ಮಗುವಿಗೆ ನಾಲ್ಕು ವರ್ಷವಾದಾಗ ಕುಟುಂಬವು ಲಂಡನ್ ನಗರಕ್ಕೆ ಬಂದು ನೆಲಸಿತು. ತಂದೆಯು ಅಲ್ಲಿ ಕೊಳಲು ನುಡಿಸುವುದನ್ನು ಕಲಿಸುತ್ತಿದ್ದನು. ಹುಡುಗನು ಬಲು ಸಂಕೋಚ ಸ್ವಭಾವದವನು. ನಾಲ್ಕು ಜನರ ಮುಂದೆ ನಿಂತು ಮಾತನಾಡುವುದೆಂದರೆ ಆತನಿಗೆ ಮೈಯೆಲ್ಲ ಬೆವರುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಆತನನ್ನು ವಾದ್ಯಗಳನ್ನು ತಯಾರಿಸುತ್ತಿದ್ದ ತಂದೆಯ ಸೋದರನಲ್ಲಿ ಕೆಲಸ ಕಲಿಯಲು ಬಿಟ್ಟರು. ಅಂಗಡಿಯ ಲೆಕ್ಕಪತ್ರಗಳಲ್ಲಿ ಹುಡುಗನ ಮನಸ್ಸು ನಿಲ್ಲಲಿಲ್ಲ. ತಂತಿಯೇಕೆ ನುಡಿಯುತ್ತದೆ, ಮರವೇಕೆ ಮಾರ್ದನಿಗೊಡುತ್ತದೆ ಎಂಬ ಪ್ರಶ್ನೆಗಳೇ ಆತನನ್ನು ಕಾಡುತ್ತಿದ್ದವು.

ಆತನ ಬಾಲ್ಯದ ಬಗ್ಗೆ ಒಂದು ಕಥೆಯನ್ನು ಹೇಳುತ್ತಾರೆ. ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಇಟಲಿಯ ವಿಜ್ಞಾನಿ ವೋಲ್ಟನ ವಿದ್ಯುತ್ ಸಂಶೋಧನೆಗಳನ್ನು ವಿವರಿಸುವ ಗ್ರಂಥವು ಆತನ ಕಣ್ಣಿಗೆ ಬಿದ್ದಿತು. ಕಾಸಿಗೆ ಕಾಸು ಕೂಡಿಸಿ ಅದನ್ನು ಕೊಂಡನು. ಆದರೆ ಪುಸ್ತಕವಿದ್ದುದು ಫ್ರೆಂಚ್ ಭಾಷೆಯಲ್ಲಿ! ಮತ್ತೆ ಹಣ ಕೂಡಿಸಿ ಒಂದು ನಿಘಂಟನ್ನು ತಂದು, ಪದಪದವನ್ನೂ ಹುಡುಕಿ ಓದಿದನು. ಓದಿದ್ದನ್ನು ಮಾಡಿ ನೋಡಬೇಕೆಂದು ಸೋದರನೊಡಗೂಡಿ ವಿದ್ಯುತ್ಕೋಶವನ್ನು ಕಟ್ಟಲು ಹೊರಟಾಗ ತಾಮ್ರದ ತಗಡು ಕೊಳ್ಳಲು ಹಣವಿರಲಿಲ್ಲ. ಕೈಯಲ್ಲಿ ಉಳಿದಿದ್ದ ತಾಮ್ರದ ನಾಣ್ಯಗಳನ್ನೇ ತಗಡುಗಳಾಗಿ ಬಳಸಿ ಆ ಹುಡುಗರು ಕೋಶವನ್ನು ಕಟ್ಟಿ ಮುಗಿಸಿದರಂತೆ.

೧೮೨೧ರಲ್ಲಿ, ಇನ್ನೂ ಹತ್ತೊಂಬತ್ತರ ತರುಣನಾಗಿದ್ದಾಗ, ವೀಟ್‌ಸ್ಟನ್ನನು ಲಂಡನ್ನಿನ ಜನರನ್ನು ಬೆರಗುಗೊಳಿಸಿದನು. ಚಾವಣಿಯಿಂದ ಇಳಿಬಿಟ್ಟ ಒಂದು ತಂತಿಗೆ ಲೈರ್ ಎಂಬ ತಂತಿವಾದ್ಯವನ್ನು ತೂಗುಹಾಕಿದ್ದನು. ಯಾರೂ ಮುಟ್ಟದೆಯೇ ಆ ವಾದ್ಯವು ನುಡಿಯುತ್ತಿತ್ತು. ಜನರು ಇದನ್ನು ಮಾಯೆಯೆಂದು ಭಾವಿಸಿದರು. ಅದರ ಗುಟ್ಟು ಇಷ್ಟೇ: ತಂತಿಯ ಇನ್ನೊಂದು ತುದಿಯು ಮೇಲಿನ ಕೋಣೆಯ ವಾದ್ಯಗಳಿಗೆ ತಗುಲಿಕೊಂಡಿತ್ತು. ಅಲ್ಲಿ ನುಡಿಸಿದ ನಾದದ ಕಂಪನವು ತಂತಿಯ ಮೂಲಕ ಇಳಿದು ಬಂದು ಕೆಳಗಿನ ವಾದ್ಯದಿಂದ ಕೇಳಿಸುತ್ತಿತ್ತು. ಗಟ್ಟಿಯಾದ ಲೋಹದೊಳಗೆ ಕಣ್ಣಿಗೆ ಕಾಣದ ಚಲನೆಯೊಂದು ಹರಿಯಬಲ್ಲದೆಂಬುದನ್ನು ಆತನು ಹೀಗೆ ಎಲ್ಲರಿಗೂ ತೋರಿಸಿಕೊಟ್ಟನು. ಇಂದಿಗೂ ಬಳಕೆಯಲ್ಲಿರುವ ಕನ್ಸರ್ಟಿನಾ ಎಂಬ ತಿದಿಯ ವಾದ್ಯವೂ ಆತನ ಕಲ್ಪನೆಯೇ.

ಕ್ರಮವಾದ ವಿಶ್ವವಿದ್ಯಾಲಯದ ಶಿಕ್ಷಣವನ್ನು ಪಡೆಯದ ಈ ವಾದ್ಯಗಾರನು ೧೮೩೪ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರಾಯೋಗಿಕ ಭೌತವಿಜ್ಞಾನದ ಪ್ರಾಧ್ಯಾಪಕನಾದನು. ಆದರೆ ಸಂಕೋಚವು ಆತನನ್ನು ಬಿಡಲಿಲ್ಲ. ಆತನ ಉಪನ್ಯಾಸಗಳು ಸಫಲವಾಗಲಿಲ್ಲ. ಕೆಲವು ವರ್ಷಗಳಲ್ಲಿಯೇ ಪಾಠ ಹೇಳುವುದನ್ನು ಬಿಟ್ಟು ಪ್ರಯೋಗಗಳಲ್ಲಿ ಮುಳುಗಿದನು. ಆತನ ಸಂಶೋಧನೆಗಳನ್ನು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಭೆಗಳಲ್ಲಿ ಎಷ್ಟೋ ಸಲ ಮಿತ್ರನಾದ ಮೈಕೇಲ್ ಫ್ಯಾರಡೆಯೇ ವಿವರಿಸಿದನು. ಫ್ಯಾರಡೆಯಂಥ ವಾಗ್ಮಿಯು ಮಿತ್ರನ ಪರವಾಗಿ ಮಾತನಾಡುತ್ತಿರುವಾಗ ವೀಟ್‌ಸ್ಟನ್ನನ ಉಪಕರಣಗಳೇ ಆತನ ಭಾಷೆಯಾಗಿದ್ದವು.

ಪ್ರಾಧ್ಯಾಪಕನಾದ ವರ್ಷವೇ ಆತನು ವಿದ್ಯುತ್ತಿನ ವೇಗವನ್ನು ಅಳೆಯಲು ಒಂದು ಚತುರ ಪ್ರಯೋಗವನ್ನು ನಡೆಸಿದನು. ಸುಮಾರು ಅರ್ಧ ಮೈಲಿ ಉದ್ದದ ತಂತಿಯಲ್ಲಿ ಹಾರುವ ಕಿಡಿಗಳನ್ನು, ಅತಿ ವೇಗವಾಗಿ ತಿರುಗುವ ಕನ್ನಡಿಯಲ್ಲಿ ನೋಡಿದನು. ಕಿಡಿಗಳ ನಡುವಿನ ಅತ್ಯಲ್ಪ ಕಾಲವು ಕನ್ನಡಿಯಲ್ಲಿ ಅಳೆಯಬಹುದಾದ ದೂರವಾಗಿ ಪರಿಣಮಿಸಿತು. ಆತನಿಗೆ ದೊರೆತ ಬೆಲೆಯು ನಿಜಕ್ಕಿಂತ ಬಹಳ ಹೆಚ್ಚಾಗಿತ್ತು. ಆದರೆ ವಿಧಾನವು ಸರಿಯಾಗಿತ್ತು. ತಿರುಗುವ ಕನ್ನಡಿಯ ಅದೇ ಉಪಾಯದಿಂದ ಮುಂದೆ ಫ್ರಾನ್ಸಿನ ಫೂಕೋ ಬೆಳಕಿನ ವೇಗವನ್ನು ಅಳೆದನು.

ರೈಲುದಾರಿಗೂ ವೀಟ್‌ಸ್ಟನ್ನನಿಗೂ ಸಂಬಂಧವು ಬೆಳೆದದ್ದು ೧೮೩೭ರಲ್ಲಿ. ವಿಲಿಯಂ ಕುಕ್ ಎಂಬ ಉದ್ಯಮಶೀಲನೊಡನೆ ಪಾಲುಗಾರನಾಗಿ ಆತನು ವಿದ್ಯುತ್ ತಂತಿಯ ಮೂಲಕ ಸುದ್ದಿ ಕಳುಹಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅದೇ ವರ್ಷ ಜುಲೈ ೨೫ರಂದು ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಕ್ಯಾಮ್ಡನ್ ಟೌನಿನವರೆಗೆ ಹಳಿಯ ಪಕ್ಕದಲ್ಲಿಯೇ ಅದರ ಪರೀಕ್ಷೆ ನಡೆಯಿತು. ೧೮೩೯ರಲ್ಲಿ ಪ್ಯಾಡಿಂಗ್‌ಟನ್ನಿನಿಂದ ವೆಸ್ಟ್ ಡ್ರೇಟನ್ನಿನವರೆಗೆ ೧೩ ಮೈಲಿಗಳ ತಂತಿಯು ಸಿದ್ಧವಾಯಿತು. ೧೮೪೩ರಲ್ಲಿ ಅದು ಸ್ಲೌ ಎಂಬ ಊರನ್ನು ಮುಟ್ಟಿತು. ೧೮೪೫ರ ಜನವರಿ ೧ರಂದು ಸ್ಲೌ ಬಳಿ ಒಬ್ಬ ಹೆಂಗಸಿನ ಕೊಲೆಯಾಗಿ, ಅನುಮಾನಕ್ಕೆ ಒಳಗಾದವನು ಲಂಡನ್ನಿನ ರೈಲು ಹತ್ತಿ ಹೊರಟುಹೋದನು. ಆತನು ಕ್ವೇಕರ್ ಪಂಥದವರ ಉಡುಪು ಧರಿಸಿದ್ದಾನೆಂಬ ಸುದ್ದಿಯನ್ನು ತಂತಿಯಲ್ಲಿ ಕಳುಹಿಸಿದರು. ಆ ಯಂತ್ರದ ಸಂಕೇತಗಳಲ್ಲಿ ಕ್ಯೂ ಎಂಬ ಅಕ್ಷರವೇ ಇರದಿದ್ದುದರಿಂದ ಆ ಪದವನ್ನು ಬೇರೆ ಅಕ್ಷರಗಳಿಂದ ಬರೆಯಬೇಕಾಯಿತು. ಆದರೂ ಸುದ್ದಿಯು ರೈಲಿಗಿಂತ ಮೊದಲೇ ಪ್ಯಾಡಿಂಗ್‌ಟನ್ನನ್ನು ತಲಪಿತು, ಅಪರಾಧಿಯು ಸಿಕ್ಕಿಬಿದ್ದನು. ತಂತಿಯ ಮಹಿಮೆಯು ಆ ದಿನದಿಂದ ಮನೆಮಾತಾಯಿತು.

ಕೀರ್ತಿಯ ಜೊತೆಗೆ ಕಲಹವೂ ಬಂದಿತು. ತಂತಿಯನ್ನು ಕಂಡುಹಿಡಿದ ಹಿರಿಮೆ ಯಾರದೆಂದು ಕುಕ್ಕನಿಗೂ ವೀಟ್‌ಸ್ಟನ್ನನಿಗೂ ವಿವಾದವೆದ್ದಿತು. ಪ್ರಸಿದ್ಧ ಎಂಜಿನಿಯರನಾದ ಮಾರ್ಕ್ ಬ್ರೂನೆಲ್ ಮತ್ತು ಪ್ರಾಧ್ಯಾಪಕ ಡೇನಿಯಲ್ ಎಂಬವರು ಮಧ್ಯಸ್ಥರಾಗಿ, ೧೮೪೧ರಲ್ಲಿ ಇಬ್ಬರಿಗೂ ಪಾಲುಕೊಟ್ಟು ತೀರ್ಪನ್ನಿತ್ತರು. ಆದರೂ ಮನಸ್ಸುಗಳು ಕೂಡಲಿಲ್ಲ. ತನಗೆ ಸಲ್ಲಬೇಕಾದ ಗೌರವವನ್ನು ಬಿಟ್ಟುಕೊಡಲು ವೀಟ್‌ಸ್ಟನ್ನನು ಎಂದೂ ಒಪ್ಪಿದವನಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಆತನ ಜೀವನದ ಮುಂದಿನ ಘಟನೆಯನ್ನು ನೋಡಬೇಕು.

ಸುದ್ದಿಯ ತಂತಿಗಳು ಉದ್ದವಾದಂತೆ, ಒಂದು ತಂತಿಯು ವಿದ್ಯುತ್ತಿಗೆ ಎಷ್ಟು ಅಡ್ಡಿಯನ್ನುಂಟುಮಾಡುತ್ತದೆಂದು ನಿಖರವಾಗಿ ತಿಳಿಯುವುದು ಅವಶ್ಯಕವಾಯಿತು. ೧೮೪೩ರಲ್ಲಿ ವೀಟ್‌ಸ್ಟನ್ನನು ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧದಲ್ಲಿ ಇದಕ್ಕೆ ಬೇಕಾದ ಹಲವು ಉಪಕರಣಗಳನ್ನು ವಿವರಿಸಿದನು. ರೋಧವನ್ನು ಬೇಕಾದಂತೆ ಏರಿಸಿ ಇಳಿಸುವ ರಿಯೋಸ್ಟ್ಯಾಟ್ ಅವುಗಳಲ್ಲಿ ಒಂದು. ನಾವು ಸೇತುವೆಯೆಂದು ಕರೆಯುವ ಜೋಡಣೆ ಇನ್ನೊಂದು.

ಸೇತುವೆಯ ತತ್ತ್ವವನ್ನು ಹೀಗೆ ತಿಳಿಯಬಹುದು. ಒಂದು ಕೆರೆಯಿಂದ ಎರಡು ಕಾಲುವೆಗಳು ಹೊರಟು, ಬೇರೆ ಬೇರೆ ದಾರಿಯಲ್ಲಿ ಹರಿದು, ಕೆಳಗೆ ಒಂದೇ ಹಳ್ಳವನ್ನು ಸೇರುತ್ತವೆಯೆಂದು ಭಾವಿಸೋಣ. ಅವೆರಡರ ನಡುವೆ ಒಂದು ಅಡ್ಡಗಾಲುವೆಯನ್ನು ತೋಡಿದರೆ ಏನಾಗುವುದು? ಎರಡು ಕಡೆಯ ನೀರಿನ ಮಟ್ಟವೂ ಸಮನಾಗಿದ್ದರೆ ಅಡ್ಡಗಾಲುವೆಯ ನೀರು ನಿಶ್ಚಲವಾಗಿ ನಿಲ್ಲುವುದು. ಒಂದು ಕಡೆಯ ಮಟ್ಟವು ಕೂದಲೆಳೆಯಷ್ಟು ತಗ್ಗಿದರೂ ಅಲ್ಲಿ ನೀರು ಚಲಿಸತೊಡಗುವುದು. ವಿದ್ಯುತ್ ಸೇತುವೆಯಲ್ಲಿ ಕಾಲುವೆಗಳಿಗೆ ಬದಲಾಗಿ ನಾಲ್ಕು ರೋಧಗಳೂ, ಅಡ್ಡಗಾಲುವೆಯಲ್ಲಿ ಗ್ಯಾಲ್ವನಾಮೀಟರೂ ಇರುತ್ತವೆ. ಸಮತೋಲವಿದ್ದಾಗ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಒಂದು ರೋಧವು ಸ್ವಲ್ಪ ಬದಲಾದರೂ ಅತ್ತಿತ್ತ ತೊನೆಯುತ್ತದೆ. ಅಕ್ಕಸಾಲಿಗನ ತಕ್ಕಡಿಯು ಗುಲಗಂಜಿಯ ಭಾರವನ್ನು ತೋರಿಸುವುದೂ ಇದೇ ನ್ಯಾಯದಿಂದ. ದೊಡ್ಡದೊಂದನ್ನು ಇನ್ನೊಂದು ದೊಡ್ಡದರೊಡನೆ ಸಮತೂಗಿಸಿ ನಿಲ್ಲಿಸಿದರೆ ಅತಿ ಸಣ್ಣ ವ್ಯತ್ಯಾಸವೂ ಅಡಗಿರಲಾರದು.

ಈ ಜೋಡಣೆಯನ್ನು ಮೊದಲು ಕಂಡವನು ವುಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಸ್ಯಾಮ್ಯುಅಲ್ ಹಂಟರ್ ಕ್ರಿಸ್ಟಿ. ಆತನು ೧೮೩೩ರಲ್ಲಿಯೇ ಇದನ್ನು ಪ್ರಕಟಿಸಿದ್ದನು. ಆದರೆ ಅದರ ಮಹತ್ವವನ್ನು ಯಾರೂ ಗಮನಿಸಿರಲಿಲ್ಲ. ವೀಟ್‌ಸ್ಟನ್ನನು ಮೌನವಾಗಿದ್ದಿದ್ದರೆ ಕ್ರಿಸ್ಟಿಯ ಹೆಸರು ಹಳೆಯ ಸಂಪುಟಗಳಲ್ಲಿಯೇ ಉಳಿದುಹೋಗುತ್ತಿತ್ತು. ತಂತಿಯ ಕೀರ್ತಿಗಾಗಿ ಪಾಲುಗಾರನೊಡನೆ ಹೋರಾಡಿದ ಆ ಮನುಷ್ಯನೇ, ಇಲ್ಲಿ ಯಾರೂ ಕೇಳದೆಯೇ, ಮೊದಲ ಕಲ್ಪನೆಯ ಗೌರವವು ಕ್ರಿಸ್ಟಿಗೆ ಸಲ್ಲಬೇಕೆಂದು ತನ್ನ ಪ್ರಬಂಧದಲ್ಲಿ ಸ್ಪಷ್ಟವಾಗಿ ದಾಖಲಿಸಿದನು. ಆದರೂ ಲೋಕವು ಸೇತುವೆಗೆ ವೀಟ್‌ಸ್ಟನ್ನನ ಹೆಸರನ್ನೇ ಇಟ್ಟಿತು. ಅದು ಲೋಕದ ರೂಢಿ, ಆತನ ತಪ್ಪಲ್ಲ.

ಸೇತುವೆಯ ಸಾಮರ್ಥ್ಯವು ಬೇಗನೆ ಬೆಳಕಿಗೆ ಬಂದಿತು. ೧೮೫೬ರಲ್ಲಿ ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಜ್ಞಾನಿಯು, ತಾಮ್ರ ಮತ್ತು ಕಬ್ಬಿಣದ ತಂತಿಗಳಿಗೆ ಭಾರವನ್ನು ಕಟ್ಟಿ ಜಗ್ಗಿಸಿ, ಅವುಗಳ ರೋಧವನ್ನು ಈ ಸೇತುವೆಯಿಂದ ಪರೀಕ್ಷಿಸಿದನು. ವಾದ್ಯದ ತಂತಿಯನ್ನು ಬಿಗಿದರೆ ಸ್ವರವೇರುವಂತೆ, ಲೋಹದ ತಂತಿಯನ್ನು ಜಗ್ಗಿದರೆ ಅದರ ವಿದ್ಯುತ್ ರೋಧವೂ ಏರುವುದೆಂದು ಕಂಡುಬಂದಿತು. ತಂತಿಯು ಉದ್ದವಾಗಿ ಸಪುರವಾದಾಗ ವಿದ್ಯುತ್ತಿನ ಹಾದಿ ಇಕ್ಕಟ್ಟಾಗುವುದು ಇದಕ್ಕೆ ಒಂದು ಕಾರಣ. ಈ ಏರಿಕೆಯು ಅತ್ಯಲ್ಪವಾದುದು. ಸೇತುವೆಯಿಲ್ಲದಿದ್ದರೆ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ವೀಟ್‌ಸ್ಟನ್ನನು ಇನ್ನೂ ಅನೇಕ ವಿಷಯಗಳಲ್ಲಿ ಕೈಯಾಡಿಸಿದನು. ಎರಡು ಕಣ್ಣುಗಳು ಬೇರೆ ಬೇರೆಯಾಗಿ ನೋಡುವುದರಿಂದಲೇ ನಮಗೆ ವಸ್ತುಗಳ ಆಳವು ಗೋಚರಿಸುತ್ತದೆಂದು ತೋರಿಸುವ ಸ್ಟೀರಿಯೋಸ್ಕೋಪ್ ಎಂಬ ಉಪಕರಣವನ್ನು ೧೮೩೮ರಲ್ಲಿ ವಿವರಿಸಿದ್ದನು. ೧೮೪೭ರಲ್ಲಿ ಎಮ್ಮಾ ವೆಸ್ಟ್ ಎಂಬಾಕೆಯನ್ನು ವಿವಾಹವಾದನು. ಐವರು ಮಕ್ಕಳನ್ನು ಬಿಟ್ಟು ಆಕೆ ಆತನಿಗಿಂತ ಮೊದಲೇ ತೀರಿಕೊಂಡಳು. ೧೮೬೮ರಲ್ಲಿ ಸರ್ ಪದವಿಯೂ ರಾಯಲ್ ಸೊಸೈಟಿಯ ಕಾಪ್ಲಿ ಪದಕವೂ ದೊರೆತವು. ೧೮೭೫ರ ಅಕ್ಟೋಬರ್ ೧೯ರಂದು ಪ್ಯಾರಿಸಿನಲ್ಲಿದ್ದಾಗ ಆತನು ಮರಣಹೊಂದಿದನು. ದೇಹವನ್ನು ಲಂಡನ್ನಿಗೆ ತಂದು ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಸಮಾಧಿ ಮಾಡಿದರು.

ಆತನು ತೀರಿಕೊಂಡ ೬೩ ವರ್ಷಗಳ ಮೇಲೆ, ೧೯೩೮ರಲ್ಲಿ, ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಎಂಬಿಬ್ಬರು, ಒಬ್ಬರನ್ನೊಬ್ಬರು ಅರಿಯದೆ, ಒಂದೇ ಉಪಾಯವನ್ನು ಕಂಡುಕೊಂಡರು. ಕೂದಲಿಗಿಂತ ಸಪುರವಾದ ತಂತಿಯನ್ನು ಅಳೆಯಬೇಕಾದ ವಸ್ತುವಿಗೆ ಅಂಟಿನಿಂದ ಗಟ್ಟಿಯಾಗಿ ಅಂಟಿಸಿಬಿಟ್ಟರೆ, ವಸ್ತುವು ಹಿಗ್ಗಿದಾಗ ತಂತಿಯೂ ಹಿಗ್ಗುವುದು, ಕುಗ್ಗಿದಾಗ ಕುಗ್ಗುವುದು. ಆಗ ತಂತಿಯ ರೋಧವನ್ನು ನೋಡಿ ವಸ್ತುವಿನ ಹಿಗ್ಗುಕುಗ್ಗುಗಳನ್ನು ಹೇಳಬಹುದು. ಇದೇ ಸ್ಟ್ರೇನ್ ಗೇಜ್. ಇಂದು ತಂತಿಗೆ ಬದಲಾಗಿ ತೆಳುವಾದ ಲೋಹದ ಹಾಳೆಯಿಂದ ಕೊರೆದ ಸಣ್ಣ ಪಟ್ಟಿಗಳನ್ನು ಹೆಚ್ಚಾಗಿ ಬಳಸುತ್ತಾರೆ.

ಇನ್ನು ರೈಲು ಹಳಿಗೆ ಬರೋಣ. ಹಳಿಯು ಬಂಡೆಯಂತೆ ಅಚಲವೆಂದು ನಮಗೆ ತೋರುತ್ತದೆ. ಆದರೆ ಗಾಡಿಯು ಮೇಲೆ ಹಾದುಹೋಗುವಾಗ ಅದು ಬಾಗುತ್ತದೆ. ನಮ್ಮ ದೇಶದ ತುಂಬಿದ ಸರಕು ಗಾಡಿಯ ಒಂದು ಅಚ್ಚಿನ ಮೇಲೆ ಸುಮಾರು ೨೩ ಟನ್ ಭಾರವಿರುತ್ತದೆ. ಎಂದರೆ ಒಂದೊಂದು ಗಾಲಿಗೆ ಹನ್ನೊಂದೂವರೆ ಟನ್. ಇಷ್ಟು ಭಾರ ಬಿದ್ದಾಗಲೂ ಉಕ್ಕು ಹಿಗ್ಗುವುದು ಒಂದು ಮೀಟರಿಗೆ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದಷ್ಟು ಮಾತ್ರ. ಹತ್ತನೆಯ ಒಂದು ಭಾಗದಷ್ಟು ಹಿಗ್ಗಿದರೆ ೧೨೦ ಓಮ್ ರೋಧವುಳ್ಳ ಪಟ್ಟಿಯು ಸುಮಾರು ೧೨೦.೦೨೪ ಓಮ್ ಆಗುತ್ತದೆ. ಈ ಸೂಕ್ಷ್ಮ ವ್ಯತ್ಯಾಸವನ್ನು ಹಿಡಿಯುವುದು ವೀಟ್‌ಸ್ಟನ್ನನ ಸೇತುವೆಗೆ ಸುಲಭ.

ಹಳಿಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಮೇಲೆ ದಪ್ಪನೆಯ ತಲೆ, ಕೆಳಗೆ ಅಗಲವಾದ ಪಾದ, ನಡುವೆ ತೆಳುವಾದ ಗೋಡೆ ಕಾಣಿಸುತ್ತವೆ. ಎರಡು ಸ್ಲೀಪರುಗಳ ನಡುವೆ, ಸ್ವಲ್ಪ ಅಂತರವುಳ್ಳ ಎರಡು ಸ್ಥಳಗಳಲ್ಲಿ, ಆ ಗೋಡೆಯ ಎರಡು ಮುಖಗಳಿಗೂ ಪಟ್ಟಿಗಳನ್ನು ಓರೆಯಾಗಿ ಅಂಟಿಸಿ, ಎಲ್ಲವನ್ನೂ ಒಂದು ಸೇತುವೆಯಾಗಿ ಜೋಡಿಸುತ್ತಾರೆ. ಗಾಲಿಯು ಆ ಎರಡು ಸ್ಥಳಗಳ ನಡುವೆ ಬಂದಾಗ ಅದರ ಭಾರದ ಒಂದಂಶವು ಹಿಂದಿನ ಸ್ಲೀಪರಿನ ಕಡೆಗೂ ಉಳಿದುದು ಮುಂದಿನದರ ಕಡೆಗೂ ಹರಿಯುತ್ತದೆ. ಎತ್ತ ಎಷ್ಟೆಂಬುದು ಕೆಳಗಿನ ಜಲ್ಲಿಯ ಗಟ್ಟಿತನವನ್ನು ಅನುಸರಿಸಿ ಬದಲಾಗಬಹುದು. ಆದರೆ ಎರಡೂ ಸೇರಿದರೆ ಗಾಲಿಯ ಭಾರಕ್ಕೆ ಸಮ. ಸೇತುವೆಯು ಆ ಮೊತ್ತವನ್ನೇ ತೋರಿಸುತ್ತದೆ. ಅಕ್ಕಪಕ್ಕದ ಗಾಲಿಗಳ ಪ್ರಭಾವವು ಎರಡು ಸ್ಥಳಗಳಲ್ಲಿಯೂ ಒಂದೇ ಆಗಿರುವುದರಿಂದ ಪರಸ್ಪರ ಕಳೆದುಹೋಗುತ್ತದೆ. ಬಿಸಿಲೇರಿದಾಗ ಪಟ್ಟಿಗಳ ರೋಧವು ಬದಲಾಗುವುದಾದರೂ ಎಲ್ಲವೂ ಒಂದೇ ಪ್ರಮಾಣದಲ್ಲಿ ಬದಲಾಗುವುದರಿಂದ ಸಮತೋಲವು ಕೆಡುವುದಿಲ್ಲ. ತಿಳಿದ ಭಾರವನ್ನು ಹಳಿಯ ಮೇಲೆ ಒತ್ತಿ, ಎಷ್ಟು ಭಾರಕ್ಕೆ ಎಷ್ಟು ವಿದ್ಯುತ್ ಸೂಚನೆಯೆಂದು ಮೊದಲೇ ಗುರುತುಮಾಡಿಕೊಂಡಿರುತ್ತಾರೆ. ಆಮೇಲೆ ಗಾಡಿಯು ನಿಲ್ಲಬೇಕಾದ ಅಗತ್ಯವಿಲ್ಲ. ಓಡುತ್ತಿರುವಾಗಲೇ ಪ್ರತಿಯೊಂದು ಗಾಲಿಯ ಲೆಕ್ಕವೂ ದೊರೆಯುತ್ತದೆ.

ಇದು ಕೇವಲ ತೂಕದ ಕುತೂಹಲವಲ್ಲ. ಬ್ರೇಕು ಬಿಗಿಹಿಡಿದು ಗಾಲಿಯು ತಿರುಗದೆ ಹಳಿಯ ಮೇಲೆ ಜಾರಿದರೆ, ಉಜ್ಜಿದ ಜಾಗವು ಸವೆದು ಚಪ್ಪಟೆಯಾಗುತ್ತದೆ. ಆಮೇಲೆ ಆ ಗಾಲಿಯು ಪ್ರತಿ ಸುತ್ತಿಗೂ ಒಮ್ಮೆ ಹಳಿಯನ್ನು ಸುತ್ತಿಗೆಯಂತೆ ಬಡಿಯುತ್ತದೆ. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಓಡುವ ಬೋಗಿಯ ಗಾಲಿಯು ಸೆಕೆಂಡಿಗೆ ಸುಮಾರು ಹತ್ತು ಸುತ್ತು ತಿರುಗುವುದೆಂದು ನೆನೆದರೆ ಆ ಹೊಡೆತಗಳ ಸಂಖ್ಯೆಯನ್ನು ಊಹಿಸಬಹುದು. ಏಟಿನ ಬಲವು ನಿಂತ ಗಾಲಿಯ ಭಾರಕ್ಕಿಂತ ಎಷ್ಟೋ ಹೆಚ್ಚಾಗಬಲ್ಲದು. ಹಳಿಯೊಳಗೆ ಮೊದಲೇ ಒಂದು ಸಣ್ಣ ಬಿರುಕಿದ್ದರೆ ಅದು ಬೆಳೆಯುತ್ತದೆ. ಚಳಿಗಾಲದ ಮುಂಜಾವದಲ್ಲಿ ಉಕ್ಕು ಕುಗ್ಗಲು ಹವಣಿಸಿ ಹಳಿಯು ಬಿಗಿಯಾಗಿ ಜಗ್ಗಿಕೊಂಡಿರುವಾಗ ಅಂಥ ಏಟು ಬಿದ್ದರೆ ಹಳಿಯು ತುಂಡಾಗಿ ಗಾಡಿಯು ಉರುಳಬಹುದು.

ಆದುದರಿಂದಲೇ ಭಾರತೀಯ ರೈಲ್ವೆಯೂ ಸೇರಿದಂತೆ ಅನೇಕ ದೇಶಗಳ ರೈಲ್ವೆಗಳು ಗಾಲಿಯ ಹೊಡೆತವನ್ನು ಅಳೆಯುವ ಉಪಕರಣಗಳನ್ನು ಮುಖ್ಯ ಮಾರ್ಗಗಳಲ್ಲಿ ಸ್ಥಾಪಿಸಿವೆ. ಸ್ಟ್ರೇನ್ ಗೇಜಿನ ಸೇತುವೆಯು ಇದಕ್ಕೆ ಬಳಸುವ ಪ್ರಮುಖ ವಿಧಾನಗಳಲ್ಲಿ ಒಂದು. ಗಾಲಿಯ ಸುತ್ತಳತೆಯು ಸುಮಾರು ೩ ಮೀಟರು. ಚಪ್ಪಟೆಯಾದ ಭಾಗವು ಎಲ್ಲಿ ಬಡಿಯುವುದೋ ಹೇಳಲಾಗದು. ಆ ಕಾರಣ, ಒಂದರ ಪಕ್ಕದಲ್ಲಿ ಒಂದರಂತೆ ಹಲವು ಸೇತುವೆಗಳನ್ನು ಸಾಲಾಗಿ ಜೋಡಿಸಿ, ಗಾಲಿಯ ಪೂರ್ಣ ಸುತ್ತನ್ನು ಕಾಯುತ್ತಾರೆ. ಮಿತಿಮೀರಿ ಬಡಿಯುವ ಗಾಲಿಯು ಕಂಡೊಡನೆ ಎಚ್ಚರಿಕೆಯು ಹೋಗುತ್ತದೆ. ಆ ಬೋಗಿಯನ್ನು ಬೇರ್ಪಡಿಸಿ ಗಾಲಿಯನ್ನು ಲೇತ್ ಯಂತ್ರದಲ್ಲಿ ಕಡೆದು ದುಂಡಗೆ ಮಾಡುತ್ತಾರೆ.

ಬೋರಿಬಂದರದಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ ೧೮೫೩ರಲ್ಲಿ ವೀಟ್‌ಸ್ಟನ್ನನು ಬದುಕಿದ್ದನು. ಇಂದು ಮುಂಬಯಿಯಂಥ ನಗರಗಳಲ್ಲಿ ಲಕ್ಷಗಟ್ಟಲೆ ಜನರು ಹಳಿಗಳನ್ನೂ ಗಾಲಿಗಳನ್ನೂ ನಂಬಿ ಶಾಲೆಗೆ, ಕಚೇರಿಗೆ, ಕಾರಖಾನೆಗೆ ಹೋಗಿ ಸಂಜೆ ಕ್ಷೇಮವಾಗಿ ಮನೆ ಸೇರುತ್ತಾರೆ. ಆ ಕ್ಷೇಮದ ಹಿಂದೆ ರಾತ್ರಿಹಗಲು ಹಳಿಯನ್ನು ಕಾಯುವ ಕೆಲಸಗಾರರ ಶ್ರಮವಿದೆ, ಅವರಿಗೆ ನೆರವಾಗುವ ಅಳತೆಗಳಿವೆ. ಅಂಥ ಅಳತೆಗಳಲ್ಲಿ ಕ್ರಿಸ್ಟಿಯ ಕಲ್ಪನೆ, ವೀಟ್‌ಸ್ಟನ್ನನ ಸೇತುವೆ, ಕೆಲ್ವಿನ್ನನ ಪ್ರಯೋಗ, ಸಿಮನ್ಸ್ ಮತ್ತು ರೂಜರ ಪಟ್ಟಿ ಇವೆಲ್ಲವೂ ಒಂದಾಗಿವೆ. ಒಬ್ಬನೇ ಇದನ್ನೆಲ್ಲ ಮಾಡಿದವನಲ್ಲ. ಹಿಂದಿನವನು ಮಾಡಿದ್ದನ್ನು ಮುಂದಿನವನು ಅರಿತು ಬಳಸಿದ್ದರಿಂದ ಇದು ಸಾಧ್ಯವಾಯಿತು.

ವಿದ್ಯಾರ್ಥಿಗಳು ಮುಂದೆ ಪ್ರಯೋಗಶಾಲೆಯಲ್ಲಿ ಆ ನಾಲ್ಕು ರೋಧಗಳನ್ನು ಜೋಡಿಸಿ, ಮುಳ್ಳನ್ನು ಸೊನ್ನೆಗೆ ತರಲು ಯತ್ನಿಸುವ ದಿನ ಬರುವುದು. ಆಗ ಅದು ಅಂಕಗಳಿಗಾಗಿ ಮಾಡುವ ಒಂದು ಕೆಲಸವೆಂದು ಭಾವಿಸದೆ, ತಾಮ್ರದ ನಾಣ್ಯಗಳಿಂದ ವಿದ್ಯುತ್ಕೋಶವನ್ನು ಕಟ್ಟಿದ ಹುಡುಗನನ್ನೂ, ಹೆಸರು ತನಗೆ ಬಂದರೂ ಮೊದಲಿಗನನ್ನು ಮರೆಯದ ಪ್ರಾಧ್ಯಾಪಕನನ್ನೂ ನೆನೆಯಬೇಕು. ಮುಳ್ಳು ಸೊನ್ನೆಯಿಂದ ಒಂದು ಗೆರೆ ಸರಿದರೂ ಅದನ್ನು ಅಲಕ್ಷಿಸಬಾರದು. ಹಳಿಯ ಮೇಲೆ ಅಷ್ಟೇ ಸಣ್ಣ ಸೂಚನೆಯು ಒಂದು ಗಾಡಿಯ ಜನರನ್ನು ಕಾಪಾಡಬಲ್ಲದು.